ರಾತ್ರಿ ಪ್ಲಾಸ್ಟಿಕ್ ಹೊದಿಸಿದ್ರೂ ಕುಂಡದ ಗಿಡ ಕರ್ರಗಾಗಾಕತ್ತಾವ, ಥಂಡಿಗೆ ಏನ್ ಮಾಡಬೇಕ್ರಿ?

ಮಾಳಿಗಿ ಕುಂಡ (ಧಾರವಾಡ):

ಟೆರೇಸ್ ಮ್ಯಾಲ 40 ಕುಂಡ ಅದಾವ್ರಿ, ಹೆಚ್ಚಿನವು 12 ಇಂಚಿನವು. ಮಣ್ಣು ಅರ್ಧ ಎರಿ (ಕಪ್ಪು ಮಣ್ಣು), ಅರ್ಧ ಸಗಣಿ ಗೊಬ್ಬರ. ಹತ್ತು ದಿನದಿಂದ ಬೆಳಗಿನ ಜಾವ 11–12 ಡಿಗ್ರಿಗೆ ಇಳಿಯಾಕತ್ತೈತಿ. ಕರಿಬೇವು ಹಳದಿ ಆಗಿ ಉದುರತೈತಿ, ತುಳಸಿ ತುದಿ ಕರ್ರಗ, ಟೊಮ್ಯಾಟಿ ಹೂ ಬಿಡತೈತಿ ಆದ್ರ ಕಾಯಿ ಕಟ್ಟವಲ್ದು, ಗುಲಾಬಿ ಎಲಿ ಮ್ಯಾಲ ಬಿಳಿ ಪುಡಿ. ಸಂಜಿ 6ಕ್ಕ ನೀರು ಹಾಕಿ ಪ್ಲಾಸ್ಟಿಕ್ ಹಾಳಿ ಹೊದಿಸಿ, ಮುಂಜಾನಿ 9ಕ್ಕ ತೆಗೀತೀವಿ. ಹಾಳಿ ಒಳಗ ನೀರಿನ ಹನಿ ಜೋತಾಡತಿರ್ತಾವ. ಚೇತರಿಸಿಕೊಳ್ಳಲಿ ಅಂತ ವಾರಕ್ಕ ಕುಂಡಕ್ಕೊಂದು ಚಮಚ ಯೂರಿಯಾ ನಡದೈತಿ. ಇನ್ನೂ ದಪ್ಪ ಪ್ಲಾಸ್ಟಿಕ್ ತರಬೇಕೇನ್ರಿ? ಬಲ್ಬ್ ಹಚ್ಚಬೇಕೇನು?

ಮಸಾರಿ ಮಣ್ಣು (ಹುಬ್ಬಳ್ಳಿ):

ದಪ್ಪ ಪ್ಲಾಸ್ಟಿಕ್ ಬೇಡ, ಇರುವುದನ್ನೂ ಮಡಚಿಡಿ. ಹಾಳಿ ಹೊದಿಸುವ ವಿಡಿಯೊಗಳು ಹೆಚ್ಚಾಗಿ ಪಂಜಾಬ್, ದೆಹಲಿ ಕಡೆಯವು. ಅಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮಟ್ಟಕ್ಕೆ ಚಳಿ ಇಳಿಯುತ್ತದೆ, ದಿನಗಟ್ಟಲೆ ಬಿಸಿಲೇ ಕಾಣದ ಮಂಜೂ ಇರುತ್ತದೆ. ನಮ್ಮಲ್ಲಿ ರಾತ್ರಿ 12 ಇದ್ದರೂ ಮಧ್ಯಾಹ್ನ 28–30 ಮುಟ್ಟುತ್ತದೆ. ತೆಳ್ಳನೆ ಹಾಳಿ ಹೊರಗಿನ ಗಾಳಿಯಷ್ಟೇ ತಣ್ಣಗಾಗುತ್ತದೆ. ಮಣ್ಣಿನಿಂದ, ಎಲೆಯಿಂದ ಎದ್ದ ಆವಿ ಅದಕ್ಕೆ ತಾಗಿ ಹನಿಯಾಗುತ್ತದೆ, ಆ ಹನಿ ಹನ್ನೆರಡು ತಾಸು ಎಲೆಯ ಮೇಲೆ ಕೂತಿರುತ್ತದೆ. ನೀವು ಸಂಜೆ ಹಾಕಿದ ನೀರೂ ಅದಕ್ಕೆ ಸೇರಿತು. ನಿಮ್ಮ ಗಿಡಗಳು ಥಂಡಿಗಿಂತ ಒದ್ದೆಗೇ ಹೆಚ್ಚು ಸೊರಗುತ್ತಿವೆ.

ಮೊದಲು ನೀರು ಸರಿಮಾಡಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ. ತುದಿಗೆ ತಂಪು ತಾಗಿದರೆ ಆ ದಿನ ನೀರಿಲ್ಲ. ಎರೆಮಣ್ಣು ಅರ್ಧ ಇರುವ 12 ಇಂಚಿನ ಕುಂಡಕ್ಕೆ ಈಗ ಮೂರು ದಿನಕ್ಕೊಮ್ಮೆ ನೀರು ಸಾಕಾಗಬಹುದು. ಹಾಕುವುದು ಬೆಳಿಗ್ಗೆ 9ರಿಂದ 10ರೊಳಗೆ, ಬುಡಕ್ಕೆ ಮಾತ್ರ. ಮೇಲಿನ ಟಾಕಿಯಲ್ಲಿ ರಾತ್ರಿಯಿಡೀ ನಿಂತ ನೀರು ಮುಂಜಾನೆ ಕೈ ಕೊರೆಯುವಷ್ಟು ತಣ್ಣಗಿರುತ್ತದೆ. ಆಗಷ್ಟೇ ಎತ್ತಿದ ಬೋರ್ ನೀರು ಬೆಚ್ಚಗಿರುತ್ತದೆ, ಸಿಕ್ಕರೆ ಅದೇ ಒಳ್ಳೆಯದು. ಕುಂಡದ ಕೆಳಗಿನ ತಾಟು ತೆಗೆದು, ಪ್ರತಿ ಕುಂಡವನ್ನೂ ಮೂರು ಇಟ್ಟಿಗೆ ಚೂರಿನ ಮೇಲೆ ಕೂರಿಸಿ. ತಣ್ಣನೆಯ ಕಾಂಕ್ರೀಟಿನಿಂದ ಬುಡ ಮೇಲೇಳುತ್ತದೆ, ತೂತೂ ತೆರೆದಿರುತ್ತದೆ.

ಹೊದಿಕೆ ಬೇಕಾಗುವುದು 10ರ ಕೆಳಗೆ ಇಳಿಯುವ ರಾತ್ರಿ, ಅದೂ ತುಳಸಿ, ಕ್ರೋಟನ್, ಆಂಥೂರಿಯಂ, ಹೊಸ ಸಸಿಗಳಂಥವಕ್ಕೆ. ನಾಲ್ಕು ಬಿದಿರು ಕಡ್ಡಿ ನೆಟ್ಟು, ಗಿಡದ ತುದಿಯಿಂದ ಒಂದು ಗೇಣು ಮೇಲೆ ಹಳೆಯ ನೂಲಿನ ಸೀರೆಯನ್ನೋ ಗೋಣಿ ತಟ್ಟನ್ನೋ ಚಪ್ಪರದಂತೆ ಕಟ್ಟಿ. ಬದಿ ತೆರೆದಿರಲಿ. ಮೋಡವಿಲ್ಲದ ರಾತ್ರಿ ಎಲೆಯ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ, ಅದನ್ನು ತಡೆಯುವುದು ತಲೆಯ ಮೇಲಿನ ಬಟ್ಟೆ. ಸೂರು ಅಥವಾ ಮಾವಿನ ಟೊಂಗೆಯ ಕೆಳಗಿನ ಕುಂಡ ಬಯಲಿನದಕ್ಕಿಂತ ಚೆನ್ನಾಗಿರುವುದೂ ಇದಕ್ಕೇ. ಬಟ್ಟೆ ಎಲೆಗೆ ತಾಗಬಾರದು, ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆಗೆಯಬೇಕು. ಬಲ್ಬ್ ಮಾತು ಬಿಡಿ. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಒದ್ದೆ ಮಾಳಿಗೆಯಲ್ಲಿ ವೈರ್ ಎಳೆದು ಹಳೆಯ ಹಳದಿ ಬಲ್ಬ್ ಉರಿಸುವುದು ಜೀವಕ್ಕೆ ಅಪಾಯ.

ತುಳಸಿಯ ಕುಂಡದಲ್ಲಿ ಮೇಲ್ಮಣ್ಣು ನೋಡಿ. ತುಳಸಿ ಲಗ್ನದಿಂದ ಹಾಲು, ದೀಪದೆಣ್ಣೆ, ಅರಿಷಿಣ-ಕುಂಕುಮ ಬಿದ್ದೂ ಬಿದ್ದೂ ಅಲ್ಲಿ ಜಿಡ್ಡಿನ ಪದರ ಕಟ್ಟಿರುತ್ತದೆ. ನೀರು ಅದರ ಮೇಲೆ ಮಣಿಯಾಗಿ ನಿಂತು, ಕುಂಡದ ಅಂಚಿನಿಂದ ಜಾರಿ ಹೋಗುತ್ತದೆ. ನಡುವೆ ಬೇರು ಒಣಗಿರುತ್ತದೆ, ಅಂಚು ಕೆಸರು. ಒಂದು ಇಂಚು ಕೆರೆದು ತೆಗೆದು ಹೊಸ ಮಣ್ಣು ಹಾಕಿ. ಪೂಜೆಯ ದೀಪಕ್ಕೆ ಕುಂಡದ ಪಕ್ಕ ಒಂದು ಕಲ್ಲು ಇಟ್ಟರಾಯಿತು. ಕಪ್ಪಾದ ತುದಿಯನ್ನೂ ತೆನೆಗಳನ್ನೂ ಚಿವುಟಿ. ಒಣಗಿದ ತೆನೆಯ ಬೀಜ ತೆಗೆದಿಟ್ಟುಕೊಂಡು ಫೆಬ್ರುವರಿ ಕೊನೆಗೆ ಬಿತ್ತಿ.

ಕರಿಬೇವಿಗೆ ಇದು ನಿದ್ದೆಯ ಕಾಲ, ಹಳೆ ಎಲೆ ಉದುರಿದರೆ ಗಾಬರಿ ಬೇಡ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಎರೆಮಣ್ಣಿನ ಸುಣ್ಣಕ್ಕೆ ತಣ್ಣನೆಯ ಒದ್ದೆ ಬೇರು ಕೂಡಿದಾಗ ಇದು ಕಾಣುತ್ತದೆ. ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ಲಿಂಬೆಯ ರಸ ಬೆರೆಸಿ ಆಗಲೇ ಎಲೆಗೆ ಸಿಂಪಡಿಸಿ. ಇಟ್ಟರೆ ಕಂದು ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕತ್ತರಿಸುವುದು ಶಿವರಾತ್ರಿ ಹೊತ್ತಿಗೆ. ಯೂರಿಯಾ ಇಂದೇ ನಿಲ್ಲಿಸಿ. ಬೆಳೆಯದ ಗಿಡಕ್ಕೆ ವಾರಕ್ಕೊಂದು ಚಮಚ ಅಂದರೆ ಬೇರು ಸುಡುವ ಲೆಕ್ಕ.

ಗುಲಾಬಿ ಹುಚ್ಚು (ಹಾವೇರಿ):

ಗುಲಾಬಿದು ಬೂದಿ ರೋಗರಿ. ಇದಕ್ಕ ಎಲಿ ತೊಯ್ಯಲೇಬೇಕಂತಿಲ್ಲ. ರಾತ್ರಿ ಗಾಳ್ಯಾಗ ತೇವ, ಹಗಲ ಒಣ ಹವಾ ಇದ್ರ ಸಾಕು. ನಿಮ್ಮ ಹಾಳಿ ಅದಕ್ಕ ಮನಿ ಕಟ್ಟಿಕೊಟ್ಟಂಗ ಆಗೈತಿ. ಭಾಳ ಹತ್ತಿದ ಎಲಿ ಕಿತ್ತು ಚೀಲದಾಗ ತುಂಬಿ ಹೊರಗ ಹಾಕ್ರಿ, ಗೊಬ್ಬರದ ಗುಂಡಿಗೆ ಬ್ಯಾಡ. ನೀರಾಗ ಕದಡೋ 80% ಗಂಧಕದ ಪುಡಿ ಲೀಟರಿಗೆ 2 ಗ್ರಾಂ, ತೂಕ ಮಾಡೇ ಹಾಕ್ರಿ. ಮೊದಲ ಒಂದು ವಾಟಿ ನೀರಾಗ ಹಿಟ್ಟಿನಂಗ ಕಲಸಿ, ಆಮ್ಯಾಲ ಪೂರ್ತಿ ನೀರಿಗೆ ಸೇರಿಸಿ, ಎಲಿ ತಳಭಾಗಕ್ಕೂ ಹೊಡೀರಿ. ನಡನಡುವ ಪಂಪ್ ಅಲ್ಲಾಡಸ್ರಿ, ಪುಡಿ ತಳಕ್ಕ ಕೂಡತೈತಿ. ಹೊತ್ತು ಅಂದ್ರ ಬಿಸಲು ಏರೂಕಿಂತ ಮೊದಲ. ಮಾಸ್ಕ್ ಹಾಕ್ಕೊಳ್ರಿ. ಸೌತಿಬಳ್ಳಿಗೆ ಗಂಧಕ ತಾಗಿಸಬ್ಯಾಡ್ರಿ, ಎಲಿ ಸುಡತೈತಿ.

ಬೇವಿನೆಣ್ಣಿ ಹೊಡದಿದ್ರ ಗಂಧಕಕ್ಕ ಎರಡು ವಾರ ತಡೀರಿ. ಎರಡೂ ಒಂದರ ಹಿಂದ ಒಂದು ಬಿದ್ರ ಎಲಿ ಅಂಚು ಕರಕಲ.

ಮಾಳಿಗಿ ಕುಂಡ (ಧಾರವಾಡ):

ಹಾಳಿ ತೆಗದ್ವಿ. ತುಳಸಿ ಕುಂಡದಾಗ ನೀವು ಹೇಳಿದಂಗ ಎಣ್ಣಿ ಪದರನ ಇತ್ತು, ಖುರಪಿಲೆ ಎಬ್ಬಿಸಿದ್ರ ರೊಟ್ಟಿಯಂಗ ಎದ್ದು ಬಂತು. ಬೇವಿನೆಣ್ಣಿ ಇನ್ನೂ ಹೊಡದಿಲ್ಲ, ಬಾಟಲಿ ಒಳಗ ತುಪ್ಪದಂಗ ಗಟ್ಟಿ ಆಗೈತಿ. ಕೆಟ್ಟಂಗ ಏನ್ರಿ? ಮೆಣಸಿನ ಗಿಡಕ್ಕ ಹೇನು ಹತ್ಯಾವ.

ಗುಲಾಬಿ ಹುಚ್ಚು (ಹಾವೇರಿ):

ಕೆಟ್ಟಿಲ್ಲ, ಥಂಡಿಗೆ ಹೆಪ್ಪಾಗೈತಿ. ಬಾಟಲಿನ ಉಗುರುಬೆಚ್ಚಗಿನ ನೀರಾಗ ಹತ್ತು ನಿಮಿಷ ನಿಲ್ಲಸ್ರಿ, ಒಲಿ ಮ್ಯಾಲ ಇಡಬ್ಯಾಡ್ರಿ. ಕರಗಿದ ಮ್ಯಾಲ 5 ಮಿಲಿ ಎಣ್ಣಿಗೆ 1–2 ಮಿಲಿ ದ್ರವ ಸೋಪು ಹಾಕಿ, ಹಾಲಿನಂಗ ಬೆಳ್ಳಗ ಆಗೂತನ ಕಲಸಿ, ಬೆಚ್ಚನ ನೀರು ಸ್ವಲ್ಪ ಸ್ವಲ್ಪ ಸೇರಿಸಿ ಒಂದು ಲೀಟರ್ ಮಾಡ್ರಿ. ತಣ್ಣನ ನೀರಿಗೆ ಸುರದ್ರ ಎಣ್ಣಿ ಮಣಿ ಮಣಿ ಆಗಿ ತೇಲತೈತಿ, ಮಣಿ ಕೂತಲ್ಲಿ ಎಲಿ ಸುಡತೈತಿ. ಮೆಣಸಿಗೆ ಅಷ್ಟ ಹೊಡೀರಿ, ಗುಲಾಬಿ ಕಡೆ ಹಾರಸಬ್ಯಾಡ್ರಿ.

ಎರಿ ಹೊಲ (ಗದಗ):

ಟೊಮ್ಯಾಟಿ ಬಗ್ಗೆ ಯಾರೂ ಹೇಳಲಿಲ್ಲ. ರಾತ್ರಿ ಸುಮಾರು 13 ಡಿಗ್ರಿಗಿಂತ ಕೆಳಗಿಳಿದ್ರ ಹೂವಿನ ಪರಾಗ ಸರಿ ಕೆಲಸ ಮಾಡೂದಿಲ್ಲ, ಹೂ ಉದರತೈತಿ. ಔಷಧದಿಂದ ಆಗೂದಲ್ಲ. ಪಶ್ಚಿಮಕ್ಕ ಮುಖ ಇರೋ ಗ್ವಾಡಿ ಹತ್ರ ಕುಂಡ ಸರಸ್ರಿ; ಮಧ್ಯಾಹ್ನ ಕಾದ ಗ್ವಾಡಿ ರಾತ್ರಿ ಬೆಚ್ಚಗ ಬಿಡತೈತಿ, ಮೂಡಗಾಳಿನೂ ತಪ್ಪತೈತಿ. 10ರಿಂದ 12ರೊಳಗ ಹೂಗೊಂಚಲದ ತೊಟ್ಟಿಗೆ ಪೆನ್ಸಿಲ್‌ನಿಂದ ಎರಡು ಸಲ ಮೆಲ್ಲಕ ತಟ್ರಿ. ಥಂಡಿ ಮುರದ ಮ್ಯಾಲ ಬರೋ ಹೂ ತಾನ ಕಟ್ಟತೈತಿ.

ಮೂರು ದಿನಕ್ಕೊಮ್ಮೆ ನೀರು ಅನ್ನೂದು ನಿಮ್ಮ ದೊಡ್ಡ ಕುಂಡಕ್ಕ ಸರಿ. 6 ಇಂಚಿನ ಕುಂಡ, ಮಸಾರಿ (ಕೆಂಪು) ಮಣ್ಣು ಇದ್ರ ಮೂಡಗಾಳಿಗೆ ಒಂದ ದಿನಕ್ಕ ಒಣಗತಾವ. ಬೆರಳನ್ನ ನಂಬ್ರಿ, ಕ್ಯಾಲೆಂಡರ್ ಅಲ್ಲ. ಬುಡಕ್ಕ ರವದಿ (ಕಬ್ಬಿನ ಒಣ ಎಲಿ) ಮುಚ್ಚೂದಿದ್ರ ಒಂದು ಇಂಚಿಗಿಂತ ದಪ್ಪ ಬ್ಯಾಡ. ದಪ್ಪ ಆದ್ರ ಹಗಲ ಬಿಸಲು ಮಣ್ಣಿಗೆ ತಾಗೂದಿಲ್ಲ.

ಖಾಲಿ ಕುಂಡ ಇದ್ರ ಥಂಡ್ಯಾಗ ಚಲೋ ಬರೋ ಬೆಳಿ ಹಾಕ್ರಿ. ಮೆಂತ್ಯ, ಪಾಲಕ, ಮೂಲಂಗಿ, ಗಜ್ಜರಿ, ಬಟಾಣಿ, ಹಕ್ಕರಕಿ ಈಗ ರುಚಿ. ಕೊತಂಬರಿ ಕಾಳು ಎರಡು ಹೋಳಾಗೂವಂಗ ಚಪ್ಪಲಿ ತಳದಾಗ ತಿಕ್ಕಿ, ಹನ್ನೆರಡು ತಾಸು ನೆನಸಿ ಅರ್ಧ ಇಂಚು ಆಳಕ್ಕ ಬಿತ್ರಿ. ಈ ಥಂಡ್ಯಾಗ ಮೊಳಕಿಗೆ ಎರಡು ವಾರ ಹಿಡೀಬಹುದು, ಎಂಟನೇ ದಿನಕ್ಕ ಕೆದರಿ ನೋಡಬ್ಯಾಡ್ರಿ.