ಭತ್ತದ ಕಟಾವು ಮಷಿನ್: ರಬ್ಬರ್ ಟ್ರ್ಯಾಕ್ ಎಷ್ಟು ಬಿಗಿ ಇರಬೇಕು?

ಮಲೇಬೆನ್ನೂರು ರೈತ: ಭದ್ರಾ ನಾಲೆ ಗದ್ದೆಗಳಲ್ಲಿ ಇನ್ನೂ ಕೆಸರಿದೆ. ಬದು ದಾಟುವಾಗ ಕಟಾವು ಮಷಿನ್‌ನ ಎಡಗಡೆ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ರಬ್ಬರ್ ಪಟ್ಟಿ) ಪದೇ ಪದೇ ಕಳಚುತ್ತಿದೆ. ಇನ್ನಷ್ಟು ಬಿಗಿ ಮಾಡಿದರೆ ಸಾಕಾ?

ಹರಿಹರ ಆಪರೇಟರ್: ಸಾಕು ಅಣ್ಣ. ಕಳಚೋದು ಸಡಿಲ ಟ್ರ್ಯಾಕೇ. ಕೆಸರಿಗೆ ಇಳಿಸೋ ಮೊದಲು ಚೆನ್ನಾಗಿ ಬಿಗಿ ಮಾಡಿ.

ಗ್ರೀಸ್ ಗನ್: ಒಪ್ಪಲ್ಲ. ಕೆಸರಲ್ಲಿ ಎರೆಮಣ್ಣು, ಕೂಳೆ ಸೇರಿ ಸ್ಪ್ರಾಕೆಟ್ (ಟ್ರ್ಯಾಕ್ ತಿರುಗಿಸೋ ಹಲ್ಲಿನ ಚಕ್ರ) ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತೆ, ಟ್ರ್ಯಾಕ್ ತಾನಾಗೇ ಬಿಗಿಯಾಗುತ್ತೆ. ಅದರ ಮೇಲೆ ನೀವೂ ಬಿಗಿ ಮಾಡಿದರೆ ರೋಲರ್‌ಗಳ (ಟ್ರ್ಯಾಕ್ ಒಳಗಿನ ಸಣ್ಣ ಚಕ್ರಗಳ) ಬೇರಿಂಗ್ ಹೋಗುತ್ತೆ, ರಬ್ಬರ್ ಒಳಗಿನ ಸ್ಟೀಲ್ ತಂತಿ ಎಳೆದು ಹರಿಯುತ್ತೆ.

ಮೊದಲು ಮಣ್ಣು ಪೂರ್ತಿ ತೊಳೀರಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್ ಕೊಟ್ಟು ಎತ್ತಿ, ಚಾಸಿಸ್ ಕೆಳಗೆ ಮರದ ದಿಮ್ಮಿ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ನಡುವಿನ ರೋಲರ್‌ಗೂ ಟ್ರ್ಯಾಕ್‌ಗೂ ಇರೋ ಸಂದಿ ಅಳೀರಿ. ಬಹಳಷ್ಟು ಮಷಿನ್‌ಗಳಲ್ಲಿ 10ರಿಂದ 20 ಮಿ.ಮೀ. ಇರುತ್ತೆ, ನಿಮ್ಮ ಮಾಡೆಲ್‌ನ ಲೆಕ್ಕ ಮ್ಯಾನುಯಲ್‌ನಲ್ಲಿ ನೋಡಿ.

ಹರಿಹರ ಆಪರೇಟರ್: ಮಣ್ಣು ತೊಳೆಯೋದು ಸರಿ. ಆದರೆ ಸಂದಿ ಸರಿ ಇದ್ದರೂ ಒಂದೇ ಕಡೆ ಕಳಚಿದರೆ?

ಗ್ರೀಸ್ ಗನ್: ಹಾಗಾದರೆ ದೋಷ ಬೇರೆ ಕಡೆ ಇದೆ. ಟೆನ್ಷನ್ ವ್ಹೀಲ್ (ಟ್ರ್ಯಾಕ್ ಬಿಗಿಯಾಗಿ ಹಿಡಿಯೋ ಚಕ್ರ) ಹಿಡಿದು ಅಲುಗಾಡಿಸಿ, ಅದು ಸಡಿಲವಾಗಿ ಆಡುತ್ತಿದ್ದರೆ ಬೇರಿಂಗ್ ಸವೆದಿದೆ. ಸ್ಪ್ರಾಕೆಟ್ ಹಲ್ಲು ಕೊಕ್ಕೆ ಥರ ಬಾಗಿದ್ದರೆ ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಹೊಸ ಟ್ರ್ಯಾಕ್ ಹಾಕಿದರೂ ಬೇಗ ಕೆಡುತ್ತೆ. ಬೋಲ್ಟ್ ತಿರುಗಿಸಿ ಟ್ರ್ಯಾಕ್ ಬಿಗಿ ಮಾಡೋ ಮಷಿನ್ ಆದರೆ ಲಾಕ್‌ನಟ್ ಸಡಿಲಾಗಿದೆಯಾ ನೋಡಿ. ಗ್ರೀಸ್ ತುಂಬಿ ಬಿಗಿ ಮಾಡೋ ಸಿಲಿಂಡರ್ ಇದ್ದು, ಬೆಳಿಗ್ಗೆ ಬಿಗಿ ಮಾಡಿದ್ದು ಸಂಜೆಗೆ ಸಡಿಲಾದರೆ ಸೀಲ್ ಸೋರುತ್ತಿದೆ.

ಹೊನ್ನಾಳಿ ಮೆಕ್ಯಾನಿಕ್: ಒಂದು ಎಚ್ಚರಿಕೆ: ಸಿಲಿಂಡರ್ ವಾಲ್ವ್ ಒಮ್ಮೆಲೇ ಬಿಚ್ಚಬೇಡಿ, ಗ್ರೀಸ್ ಭಾರೀ ಒತ್ತಡದಲ್ಲಿ ಚಿಮ್ಮಿ ಚರ್ಮದ ಒಳಗೇ ಹೋಗುತ್ತೆ. ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಎದುರಿಗೆ ನಿಲ್ಲಬೇಡಿ.

ಇನ್ನು ಓಡಿಸೋ ರೀತಿ. ಬದುವನ್ನು ಓರೆಯಾಗಿ ಹತ್ತಿಸಿದರೆ ಒಂದು ಅಂಚಿನ ಮೇಲೇ ಭಾರ ಬಿದ್ದು ಟ್ರ್ಯಾಕ್ ಜಾರುತ್ತೆ. ನೇರವಾಗಿ, ಮೆಲ್ಲಗೆ ದಾಟಿಸಿ, ಬದು ಮೇಲೆ ತಿರುಗಿಸಲೇಬೇಡಿ. ಡಾಂಬರಲ್ಲಿ ನಿಂತಲ್ಲೇ ತಿರುಗಿಸಿದರೆ ರಬ್ಬರ್ ಕಿತ್ತು ಬರುತ್ತೆ, ಊರಿಂದೂರಿಗೆ ಲಾರಿ ಮೇಲೇ ಸಾಗಿಸಿ.

ಮಲೇಬೆನ್ನೂರು ರೈತ: ಅಂಚಲ್ಲಿ ಸೀಳಿ ತಂತಿ ಕಾಣ್ತಿದೆ. ಹೊಸದಕ್ಕೆ ಏನು ಕೇಳಬೇಕು?

ಹೊನ್ನಾಳಿ ಮೆಕ್ಯಾನಿಕ್: ಒಳಭಾಗದ ಅಚ್ಚು ನೋಡಿ. 450×90×51 ಅಂತಿದ್ದರೆ 450 ಮಿ.ಮೀ. ಅಗಲ, 90 ಮಿ.ಮೀ. ಪಿಚ್ (ಒಂದು ಲಿಂಕ್‌ನಿಂದ ಮುಂದಿನದಕ್ಕೆ ಇರೋ ಅಂತರ), 51 ಲಿಂಕ್. ಮೂರೂ ಹೊಂದಬೇಕು. ತಂತಿಗೆ ನೀರು ತಾಗಿ ತುಕ್ಕು ಹಿಡಿದರೆ ಯಾವಾಗ ಬೇಕಾದರೂ ತುಂಡಾಗುತ್ತೆ. ಸುಗ್ಗಿ ಮುಗಿಯೋವರೆಗೆ ತಳ್ಳೋಣ ಅಂತ ನೋಡಬೇಡಿ, ಎರಡೂ ಕಡೆ ಒಟ್ಟಿಗೆ ಬದಲಾಯಿಸಿ.