‘ಗ್ರೇಪ್‌ವೈನ್’ ಹಾಡನ್ನು ಮೊದಲು ಹಾಡಿದ್ದು ಯಾರು?

ಪ್ರಶ್ನೆ:
ಅಪ್ಪನ ಕ್ಯಾಸೆಟ್ ಡಬ್ಬದಲ್ಲಿ ಮಾರ್ವಿನ್ ಗೇ ಹಾಡಿದ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಸಿಕ್ಕಿತು. ಒಂದು ವಾರದಿಂದ ಅದನ್ನೇ ಕೇಳುತ್ತಿದ್ದೇನೆ. ಶುರುವಿನ ಆ ಎಲೆಕ್ಟ್ರಿಕ್ ಪಿಯಾನೋಗೆ ಮೈ ಜುಮ್ ಅನ್ನುತ್ತದೆ. ಇದೇ ಮೂಲ ಅಂದುಕೊಂಡಿದ್ದೆ. ಗೆಳೆಯ ಮಾತ್ರ ಗ್ಲಾಡಿಸ್ ನೈಟ್ ಅವರದೇ ಮೊದಲು ಅನ್ನುತ್ತಾನೆ. ಯಾವುದು ಸರಿ?

ಉತ್ತರ 1:
ಬಿಡುಗಡೆ ಲೆಕ್ಕದಲ್ಲಿ ನಿಮ್ಮ ಗೆಳೆಯ ಹೇಳಿದ್ದೇ ಸರಿ. ಗ್ಲಾಡಿಸ್ ಮತ್ತು ಪಿಪ್ಸ್ ತಂಡದ್ದು 1967ರಲ್ಲಿ ಬಂತು. ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಗೇ ಅವರ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಬಂದದ್ದು 1968ರ ಕೊನೆಗೆ.

ಉತ್ತರ 2:
ಅಷ್ಟಕ್ಕೇ ನಿಲ್ಲಿಸಬೇಡಿ! ಹಾಡು ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್. ಸ್ಮೋಕಿ ರಾಬಿನ್ಸನ್ ಅವರ ಮಿರಾಕಲ್ಸ್ ತಂಡ 1966ರಲ್ಲೇ ಇದನ್ನು ಮೋಟೌನ್ ಎಂಬ ರೆಕಾರ್ಡ್ ಕಂಪನಿಗಾಗಿ ರೆಕಾರ್ಡ್ ಮಾಡಿತ್ತು. 1967ರಲ್ಲಿ ಗೇ ಹಾಡಿದರು. ಮಾಲೀಕ ಬೆರಿ ಗಾರ್ಡಿಗೆ ಹಿಡಿಸಲಿಲ್ಲ, ಎರಡೂ ಮೂಲೆ ಸೇರಿದವು. ವಿಟ್‌ಫೀಲ್ಡ್ ಬಿಡಲಿಲ್ಲ. ಅದೇ ಹಾಡಿಗೆ ವೇಗ ಕೊಟ್ಟು ಗ್ಲಾಡಿಸ್ ಅವರಿಂದ ಹಾಡಿಸಿದರು. ಗೇ ಅವರದು 1968ರಲ್ಲಿ ಒಂದು ಆಲ್ಬಂನೊಳಗೆ ಸುಮ್ನೆ ಸೇರಿಕೊಂಡಿತು. ರೇಡಿಯೋದವರು ಅದನ್ನೇ ಜಾಸ್ತಿ ಹಾಕತೊಡಗಿದರು. ಆಮೇಲೆ ಸಿಂಗಲ್ ಬಂತು, 7 ವಾರ ಮೊದಲ ಸ್ಥಾನ! ಗ್ಲಾಡಿಸ್‌ಗಿಂತ ಮೊದಲೇ ಹಾಡಿದ್ದಲ್ವಾ? ಅದನ್ನು ಕವರ್ (ಬೇರೆಯವರ ಹಾಡನ್ನು ಮತ್ತೆ ಹಾಡಿದ್ದು) ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಷ್ಟೊಂದು ಕಥೆ ಇದೆ ಅಂತ ಗೊತ್ತಿರಲಿಲ್ಲ. ಮಿರಾಕಲ್ಸ್ ಹಾಡಿದ್ದು ಎಲ್ಲಿದೆ?

ಉತ್ತರ 2:
ಅವರ 1968ರ ‘ಸ್ಪೆಷಲ್ ಅಕೇಷನ್’ ಆಲ್ಬಂನಲ್ಲಿ. ಜೊತೆಗೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡ್‌ನ 1970ರ ಕವರ್ ಕೂಡ ಕೇಳಿ. 11 ನಿಮಿಷ, ಗಿಟಾರ್ ಬಿಡುವುದೇ ಇಲ್ಲ.