ಪೈ ಬೆಲೆ 22/7 ಅನ್ನೋ ಫಾರ್ವರ್ಡ್: ಫ್ಯಾಮಿಲಿ ಗ್ರೂಪಲ್ಲಿ ನಡೆದ ಚರ್ಚೆ

ಜಯನಗರ ಚಿಕ್ಕಪ್ಪ: (ಫಾರ್ವರ್ಡ್) ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಪೈ. ಭಾಗಿಸಿ ಬಂದದ್ದೇ ಭಾಗಲಬ್ಧ. ಹಾಗಿದ್ದ ಮೇಲೆ ಪೈ ಅಭಾಗಲಬ್ಧ ಹೇಗಾದೀತು? ಪೈ 22/7, ಅಷ್ಟೇ!

ಜಯನಗರ ಚಿಕ್ಕಪ್ಪ: ಇದರಲ್ಲಿ ತಪ್ಪೇನಿದೆ ಅಕ್ಕ? ಶಾಲೇಲೂ 22/7 ಅಂತಲೇ ಬರೆಸ್ತಾರಲ್ಲ.

ಮಲ್ಲೇಶ್ವರ ಅತ್ತೆ: ‘ಭಾಗಲಬ್ಧ’ ಅನ್ನೋ ಪದದಲ್ಲೇ ಎಡವಟ್ಟಾಗಿರೋದು ಕಣೋ. ಬರೀ ಭಾಗಿಸಿದ್ರೆ ಸಾಲದು, ಮೇಲೂ ಕೆಳಗೂ ಪೂರ್ಣಾಂಕ ಇರಬೇಕು. 7 ಸೆಂ.ಮೀ. ವ್ಯಾಸದ ವೃತ್ತಕ್ಕೆ ಪರಿಧಿ 22 ಬರಲ್ಲ, 21.9911 ಚಿಲ್ಲರೆ. ವ್ಯಾಸವನ್ನ ಶೇಷ ಇಲ್ಲದೆ ಅಳೆಯೋ ಅಳತೆ ಯಾವುದೇ ತಗೋ, ಪರಿಧೀಲಿ ಶೇಷ ಉಳಿದೇ ಉಳಿಯತ್ತೆ. ಆರ್ಯಭಟೀಯದ ಭಾಷ್ಯದಲ್ಲಿ ಕೇರಳದ ಗಣಿತಜ್ಞ ನೀಲಕಂಠ ಸೋಮಯಾಜಿ ಹೇಳಿರೋದೂ ಇದೇ. ಆರ್ಯಭಟ 20000 ವ್ಯಾಸಕ್ಕೆ 62832 ಪರಿಧಿ ಕೊಟ್ಟು, ಅದನ್ನ ‘ಆಸನ್ನ’ ಅಂದ. ಹತ್ತಿರದ್ದು ಅಂತ.

ಕಿರಣ: ಕಂಪ್ಯೂಟರಲ್ಲಿ ಲಕ್ಷ ಕೋಟಿಗಟ್ಟಲೆ ಅಂಕಿ ತೆಗೆದಿದ್ದಾರೆ, ಆವರ್ತ, ಅಂದ್ರೆ ಮತ್ತೆ ಮತ್ತೆ ಬರೋ ಅಂಕಿಗುಂಪು, ಎಲ್ಲೂ ಸಿಕ್ಕಿಲ್ಲ. ಭಾಗಲಬ್ಧ ಆಗಿದ್ರೆ ಮರುಕಳಿಸಬೇಕಿತ್ತು. ಇನ್ನೇನು ಬೇಕು?

ಅನು: ಅದು ಪ್ರೂಫ್ ಆಗಲ್ಲ ಕಿರಣ. 355/113 ತಗೋ, 3.14159292... ಅದು ಮರುಕಳಿಸೋದು 112 ಅಂಕಿ ಮುಗಿದ ಮೇಲೆ. ನೂರೇ ಅಂಕಿ ನೋಡಿದವರಿಗೆ ಅದೂ ಅಭಾಗಲಬ್ಧ ಅಂತಲೇ ಅನ್ನಿಸತ್ತೆ. ಛೇದ ದೊಡ್ಡದಾದಷ್ಟೂ ಆವರ್ತ ಉದ್ದ ಆಗಬಹುದು.

ಜಯನಗರ ಚಿಕ್ಕಪ್ಪ: ಸರಿ, ಹಾಗಾದ್ರೆ ಯಾರೂ ನೋಡದ ದೊಡ್ಡ ಭಿನ್ನರಾಶಿ ಒಂದು ಇರಬಹುದಲ್ಲ?

ಅನು: ಇರಕ್ಕಾಗಲ್ಲ ಚಿಕ್ಕಪ್ಪ. 1761ರಲ್ಲೇ ಲ್ಯಾಂಬರ್ಟ್ ಅನ್ನೋ ಗಣಿತಜ್ಞ ತೋರಿಸಿದ್ದು. 1947ರ ಐವನ್ ನಿವೆನ್ ಪ್ರೂಫ್ ಒಂದೇ ಪುಟ. ಪೈ = ಅ/ಬ ಅಂದ್ಕೊಳ್ಳಿ, ಅ, ಬ ಎರಡೂ ಪೂರ್ಣಾಂಕ. ಎಕ್ಸ್ × (ಅ − ಬ × ಎಕ್ಸ್), ಇದರ ಎನ್‌ನೇ ಘಾತ ತಗೊಂಡು ಎನ್ ಫ್ಯಾಕ್ಟೋರಿಯಲ್‌ನಿಂದ (1ರಿಂದ ಎನ್‌ವರೆಗಿನ ಸಂಖ್ಯೆಗಳ ಗುಣಲಬ್ಧ) ಭಾಗಿಸಿ. ಸೈನ್ ಎಕ್ಸ್‌ನಿಂದ ಗುಣಿಸಿ, 0ಯಿಂದ ಪೈವರೆಗೆ ಇಂಟಿಗ್ರೇಟ್ ಮಾಡಿ. ಉತ್ತರ ಪೂರ್ಣಾಂಕವೇ ಬರಬೇಕು.

ಕಿರಣ: ಫ್ಯಾಕ್ಟೋರಿಯಲ್ ಕೆಳಗಿದೆಯಲ್ಲ, ಪೂರ್ಣಾಂಕ ಹೇಗೆ?

ಮಲ್ಲೇಶ್ವರ ಅತ್ತೆ: ಮುಗ್ಗರಿಸೋದೇ ಅಲ್ಲಿ. ಬಿಡಿಬಿಡಿಯಾಗಿ ಇಂಟಿಗ್ರೇಟ್ ಮಾಡ್ತಾ ಹೋದ್ರೆ ಉಳಿಯೋದು ಎರಡು ತುದಿಗಳ ಡಿರೈವೇಟಿವ್‌ಗಳು ಮಾತ್ರ. ಎನ್‌ಗಿಂತ ಕಮ್ಮಿ ಸಲ ತೆಗೆದ್ರೆ ಅಲ್ಲಿ ಸೊನ್ನೆ. ಎನ್ ಸಲವೋ ಜಾಸ್ತಿಯೋ ತೆಗೆದ್ರೆ ಮೇಲೆ ಹುಟ್ಟೋ ಫ್ಯಾಕ್ಟೋರಿಯಲ್ಲು ಕೆಳಗಿನದನ್ನ ಹೊಡೆದು ಹಾಕತ್ತೆ. ಎಕ್ಸ್ ಬದಲು ಪೈ − ಎಕ್ಸ್ ಹಾಕಿದ್ರೂ ರಾಶಿ ಬದಲಾಗಲ್ಲ, ಹಾಗಾಗಿ ಪೈ ತುದೀಲೂ ಇದೇ ಕಥೆ.

ಅನು: ಈಗ 22/7 ಹಾಕಿ. ಎಕ್ಸ್ × (22 − 7 × ಎಕ್ಸ್) ಗರಿಷ್ಠ 121/7, ಸುಮಾರು 17.29. ಎನ್ 50 ಇಟ್ರೆ ಉತ್ತರ 0.006ಕ್ಕಿಂತ ಕಮ್ಮಿ, ಸೊನ್ನೆಗಿಂತ ಜಾಸ್ತಿ. 0ಗೂ 1ಕ್ಕೂ ಮಧ್ಯೆ ಪೂರ್ಣಾಂಕ ಎಲ್ಲಿಂದ ತರ್ತೀರಿ?

ಜಯನಗರ ಚಿಕ್ಕಪ್ಪ: ಅ, ಬ ಎಷ್ಟೇ ದೊಡ್ಡದಿದ್ರೂ?

ಅನು: ಎಷ್ಟೇ ಇರಲಿ. ಎನ್ ಇನ್ನೂ ದೊಡ್ಡದು ತಗೊಂಡ್ರಾಯ್ತು, ಫ್ಯಾಕ್ಟೋರಿಯಲ್ ಯಾವ ಘಾತವನ್ನೂ ಮೀರಿಸತ್ತೆ.

ಮಲ್ಲೇಶ್ವರ ಅತ್ತೆ: ಲೆಕ್ಕಕ್ಕೆ 22/7 ಧಾರಾಳವಾಗಿ ಬಳಸು. 10 ಮೀಟರ್ ವ್ಯಾಸದ ತೊಟ್ಟಿಗೆ ಪರಿಧಿ 13 ಮಿ.ಮೀ.ಯಷ್ಟು ಜಾಸ್ತಿ ತೋರಿಸತ್ತೆ, ಅಷ್ಟೇ. ಆದ್ರೆ ಪೈ ಅಂದ್ರೆ ಅದೇ ಅಂತ ಇನ್ನೊಂದು ಗ್ರೂಪಿಗೆ ಕಳಿಸಬೇಡ.

ಜಯನಗರ ಚಿಕ್ಕಪ್ಪ: ಆಗಲೇ ಕಳಿಸಿಬಿಟ್ಟಿದ್ದೀನಿ ಅಕ್ಕ. ಅನು, ಆ 50ರ ಲೆಕ್ಕ ಹಾಳೇಲಿ ಬರೆದು ಫೋಟೋ ಹಾಕಮ್ಮ, ಅಲ್ಲಿಗೂ ಹಾಕ್ತೀನಿ.